ಟಾಮರ್ ವಾಲಬಿಯ ಅಂಡಾಶಯ: ಪ್ರೊಲ್ಯಾಕ್ಟಿನ್ ಇಲ್ಲಿ ಪ್ರೊಜೆಸ್ಟೆರಾನನ್ನು ತಡೆಯುವುದೇಕೆ?

ಪ್ರಶ್ನೆ – ಎಂ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಎಲ್ಲ ಹಿರಿಯರಿಗೂ ನಮಸ್ಕಾರ. ಪ್ರಾಣಿಶಾಸ್ತ್ರದ ಕೊನೆಯ ಸೆಮಿಸ್ಟರಿನ ಸೆಮಿನಾರಿಗಾಗಿ, ಹೊಟ್ಟೆಚೀಲದ ಸಸ್ತನಿಗಳ ಅಂಡಾಶಯದಲ್ಲಿ ಸ್ಟಿರಾಯ್ಡ್ ಹಾರ್ಮೋನುಗಳ ಉತ್ಪಾದನೆ ಯಾವುದರ ಹತೋಟಿಯಲ್ಲಿ ನಡೆಯುತ್ತದೆ ಎಂಬ ವಿಷಯವನ್ನು ಆರಿಸಿಕೊಂಡಿದ್ದೇನೆ. ಓದುತ್ತ ಹೋದಂತೆ ಒಂದು ಕಡೆ ದಾರಿ ಕಾಣದೆ ನಿಂತಿದ್ದೇನೆ. ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಪದವಿ ತರಗತಿಯಲ್ಲಿ ನಾವು ಕಲಿತದ್ದು ಇಲಿಯ ಉದಾಹರಣೆ. ಹೆಣ್ಣು ಇಲಿ ಗಂಡಿನೊಡನೆ ಕೂಡಿದ ಮೇಲೆ ಅದರ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ದಿನಕ್ಕೆ ಎರಡು ಬಾರಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಬರುತ್ತದೆ. ಅದು ಅಂಡ ಬಿಡುಗಡೆಯಾದ ಜಾಗದಲ್ಲಿ ಬೆಳೆದು ಪ್ರೊಜೆಸ್ಟೆರಾನ್ ಹಾರ್ಮೋನು ತಯಾರಿಸುವ, ಅಂಡಾಶಯದ ಕಾರ್ಪಸ್ ಲೂಟಿಯಂ ಅನ್ನು ಕಾಪಾಡುತ್ತದೆ. ಕಾರ್ಪಸ್ ಲೂಟಿಯಂ ಉಳಿದಿರುವುದರಿಂದ ಪ್ರೊಜೆಸ್ಟೆರಾನ್ ಬರುತ್ತಲೇ ಇದ್ದು ಗರ್ಭ ನಿಲ್ಲುತ್ತದೆ. ಆದರೆ ಕಾಂಗರೂ ಬಳಗದ ಸಣ್ಣ ಪ್ರಾಣಿಯಾದ ಆಸ್ಟ್ರೇಲಿಯದ ಟಾಮರ್ ವಾಲಬಿಯ ಬಗ್ಗೆ ಓದಿದರೆ ಇದೇ ಪ್ರೊಲ್ಯಾಕ್ಟಿನ್ ಕಾರ್ಪಸ್ ಲೂಟಿಯಂ ಅನ್ನು ಬೆಳೆಯಗೊಡದೆ ಹಿಡಿದಿಡುತ್ತದೆ ಎಂದಿದೆ. ಚೀಲದೊಳಗಿನ ಮರಿ ಮೊಲೆಯುಣ್ಣುತ್ತಿರುವಷ್ಟು ಕಾಲ ತಾಯಿಯ ಕಾರ್ಪಸ್ ಲೂಟಿಯಂ ಸಣ್ಣದಾಗಿಯೇ ಉಳಿಯುತ್ತದೆ, ಗರ್ಭಕೋಶದಲ್ಲಿರುವ ಮುಂದಿನ ಭ್ರೂಣವು ಸುಮಾರು 80ರಿಂದ 100 ಕೋಶಗಳ, ಟೊಳ್ಳು ಚೆಂಡಿನಂಥ ಬ್ಲಾಸ್ಟೋಸಿಸ್ಟ್ ಆಗಿ ಬೆಳವಣಿಗೆಯಿಲ್ಲದೆ ನಿಂತುಬಿಡುತ್ತದೆ.

ನನ್ನ ಸಂದೇಹಗಳು ಎರಡು. ಒಂದೇ ಹಾರ್ಮೋನು ಎರಡು ಪ್ರಾಣಿಗಳ ಒಂದೇ ಅಂಗದ ಮೇಲೆ ಹೀಗೆ ವಿರುದ್ಧ ಪರಿಣಾಮ ಮಾಡುವುದು ಹೇಗೆ? ಮತ್ತು ಪ್ರೊಲ್ಯಾಕ್ಟಿನ್ನಿನ ತಡೆ ಹೋದ ಮೇಲೆ ಪ್ರೊಜೆಸ್ಟೆರಾನ್ ತಯಾರಿಸಲು ವಾಲಬಿಯ ಅಂಡಾಶಯಕ್ಕೆ ಪ್ರಚೋದನೆ ಕೊಡುವ ಹಾರ್ಮೋನು ಯಾವುದು, ಪಿಟ್ಯುಟರಿಯಿಂದಲೇ ಬರುವ ಎಲ್‌ಎಚ್ ಹಾರ್ಮೋನೇ?

ಉತ್ತರ 1 – ನಿವೃತ್ತ ಪ್ರಾಧ್ಯಾಪಕ, ಧಾರವಾಡ

ತಂಗಿ, ನಿಮ್ಮ ಎರಡನೆಯ ಸಂದೇಹವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ತಿಳಿಯಾದರೆ ಮೊದಲನೆಯದು ಅರ್ಧ ಬಗೆಹರಿದಂತೆಯೇ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಅಂಡಾಶಯವೆಂದರೆ ಮೊದಲು ನೆನಪಾಗುವುದು ಕಪ್ಪೆ. ಕರ್ನಾಟಕ ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಕಪ್ಪೆಯ ಅಂಡಾಶಯದ ಮೇಲೆ ಬಹುಕಾಲ ಸಂಶೋಧನೆ ನಡೆದಿದೆ. ಪಿಟ್ಯುಟರಿಯನ್ನು ತೆಗೆದರೆ ಅಂಡಗಳು ಬಲಿಯುವುದು ನಿಲ್ಲುತ್ತದೆ, ಅದರ ಸಾರವನ್ನು ಮರಳಿ ಕೊಟ್ಟರೆ ಮತ್ತೆ ಬಲಿಯುತ್ತವೆ ಎಂಬುದು ಈ ವಿಷಯದ ಮೊದಲ ಪಾಠ. ಹಾಗಾಗಿ ಪಿಟ್ಯುಟರಿ ಇಲ್ಲದೆ ಅಂಡಾಶಯ ಏನೂ ಮಾಡಲಾರದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಕೂತಿರುತ್ತದೆ. ವಾಲಬಿಯನ್ನು ಅರ್ಥಮಾಡಿಕೊಳ್ಳುವಾಗ ಅಡ್ಡಬರುವುದು ಇದೇ ನಂಬಿಕೆ.

ಈ ವಿಷಯದ ತಿರುವು ಇರುವುದು 1973ರಲ್ಲಿ ಜಾನ್ ಹರ್ನ್ ಪ್ರಕಟಿಸಿದ ಪ್ರಯೋಗದಲ್ಲಿ. ಚೀಲದಲ್ಲಿ ಮರಿಯಿದ್ದು, ಅಂಡಾಶಯದಲ್ಲಿ ಸುಪ್ತ ಕಾರ್ಪಸ್ ಲೂಟಿಯಂ ಇದ್ದ ಹೆಣ್ಣು ಟಾಮರ್ ವಾಲಬಿಗಳಿಂದ ಅವರು ಪಿಟ್ಯುಟರಿಯನ್ನು ತೆಗೆದರು. ನಮ್ಮ ಕಪ್ಪೆಯ ಪಾಠದ ಪ್ರಕಾರ ಕಾರ್ಪಸ್ ಲೂಟಿಯಂ ಸೊರಗಿ ಹೋಗಬೇಕಾಗಿತ್ತು. ಅದಕ್ಕೆ ಬದಲಾಗಿ ಅದು ಬೆಳೆಯಿತು, ಅದುವರೆಗೆ ನಿಂತಿದ್ದ ಬ್ಲಾಸ್ಟೋಸಿಸ್ಟ್ ಕೂಡ ಬೆಳೆಯತೊಡಗಿತು. ಅಂದರೆ ಪಿಟ್ಯುಟರಿ ಅಲ್ಲಿ ಕಾರ್ಪಸ್ ಲೂಟಿಯಂಗೆ ಪ್ರಚೋದನೆ ಕೊಡುತ್ತಿರಲಿಲ್ಲ, ಅದನ್ನು ಹಿಡಿದು ನಿಲ್ಲಿಸಿತ್ತು. ಗೂಟಕ್ಕೆ ಕಟ್ಟಿದ ಕರುವನ್ನು ಓಡಿಸಲು ಬಾರಕೋಲು ಬೀಸಬೇಕಾಗಿಲ್ಲ, ಹಗ್ಗ ಬಿಚ್ಚಿದರೆ ಸಾಕು. ವಾಲಬಿಯ ಕಾರ್ಪಸ್ ಲೂಟಿಯಂ ಅಂಥದ್ದು.

ಕೋಶದೊಳಗಿನ ಕೆಲಸ ಮಾತ್ರ ಎಲ್ಲ ಸಸ್ತನಿಗಳಲ್ಲಿಯೂ ಒಂದೇ ಬಗೆಯದು. ಕೊಲೆಸ್ಟರಾಲ್ ಮೈಟೋಕಾಂಡ್ರಿಯದೊಳಗೆ ಹೋಗಬೇಕು, ಅಲ್ಲಿ ಅದರ ಪಕ್ಕದ ಸರಪಳಿ ಕತ್ತರಿಸಿ ಪ್ರೆಗ್ನೆನೊಲೋನ್ ಆಗಬೇಕು, ಅದು ಇನ್ನೊಂದು ಕಿಣ್ವದಿಂದ ಪ್ರೊಜೆಸ್ಟೆರಾನ್ ಆಗಬೇಕು. ಮನುಷ್ಯರಲ್ಲಿ ಈ ಕೆಲಸ ನಡೆಯುತ್ತಿರಲು ಎಲ್‌ಎಚ್ ನಿರಂತರವಾಗಿ ಬೇಕು, ಗರ್ಭ ನಿಂತರೆ ಭ್ರೂಣದ ಕಡೆಯಿಂದ ಬರುವ ಎಚ್‌ಸಿಜಿ ಹಾರ್ಮೋನು ಆ ಹೊಣೆಯನ್ನು ಹೊರುತ್ತದೆ. ಟಾಮರ್ ವಾಲಬಿಯಲ್ಲಿ ತಡೆ ಒಮ್ಮೆ ಹೋಯಿತೆಂದರೆ ಕಾರ್ಪಸ್ ಲೂಟಿಯಂ ತನ್ನದೇ ವೇಳಾಪಟ್ಟಿಯಂತೆ ನಡೆಯುತ್ತದೆ. ಪ್ರಯೋಗಶಾಲೆಯಲ್ಲಿ ಚೀಲದೊಳಗೆ ಮೊಲೆ ಕಚ್ಚಿಕೊಂಡಿರುವ ಮರಿಯನ್ನು ಬಿಡಿಸಿ ತೆಗೆದ ದಿನವನ್ನು ಸೊನ್ನೆಯ ದಿನವೆಂದು ಎಣಿಸುತ್ತಾರೆ. ಅಲ್ಲಿಂದ 26 ಅಥವಾ 27ನೆಯ ದಿನಕ್ಕೆ ಹೊಸ ಮರಿ ಹುಟ್ಟುತ್ತದೆ. ಗರ್ಭವಿಲ್ಲದ ಹೆಣ್ಣಿನಲ್ಲಿಯೂ ಕಾರ್ಪಸ್ ಲೂಟಿಯಂ ಹೆಚ್ಚುಕಡಿಮೆ ಅಷ್ಟೇ ಕಾಲ ಕೆಲಸ ಮಾಡುತ್ತದೆ.

ಆದರೆ ಇದನ್ನು ಇಡೀ ಅಂಡಾಶಯಕ್ಕೆ ಅನ್ವಯಿಸಬೇಡಿ. ಸೆಮಿನಾರಿನಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಪಿಟ್ಯುಟರಿ ತೆಗೆದ ವಾಲಬಿಯಲ್ಲಿ ಹೊಸ ಫಾಲಿಕಲ್ಲುಗಳು, ಅಂದರೆ ಅಂಡವನ್ನು ಒಳಗಿಟ್ಟು ಬೆಳೆಸುವ ಸಣ್ಣ ಕೋಶಚೀಲಗಳು, ಬಲಿಯುವುದಿಲ್ಲ. ಫಾಲಿಕಲ್ಲಿನ ಹೊರಪದರದ ಥೀಕಾ ಕೋಶಗಳು ಎಲ್‌ಎಚ್ ಪ್ರಭಾವದಲ್ಲಿ ಆಂಡ್ರೋಜನ್ ತಯಾರಿಸುವುದು, ಒಳಗಿನ ಗ್ರ್ಯಾನುಲೋಸಾ ಕೋಶಗಳು ಪಿಟ್ಯುಟರಿಯ ಇನ್ನೊಂದು ಹಾರ್ಮೋನಾದ ಎಫ್‌ಎಸ್‌ಎಚ್ ಪ್ರಭಾವದಲ್ಲಿ ಅದನ್ನು ಅರೊಮಟೇಸ್ ಕಿಣ್ವದಿಂದ ಈಸ್ಟ್ರಡಯಾಲ್ ಎಂಬ ಬೆದೆಯ ಹಾರ್ಮೋನಾಗಿ ಮಾರ್ಪಡಿಸುವುದು ಎಂದು ನಾವು ಓದಿರುವ ಎರಡು ಕೋಶಗಳ, ಎರಡು ಹಾರ್ಮೋನುಗಳ ಚೌಕಟ್ಟನ್ನೇ ಹೊಟ್ಟೆಚೀಲದ ಪ್ರಾಣಿಗಳ ಫಾಲಿಕಲ್ಲಿಗೂ ಆಧಾರವಾಗಿ ಇಟ್ಟುಕೊಳ್ಳಬಹುದು. ಹೊರಗಿನಿಂದ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಚುಚ್ಚಿ, ಹೊಟ್ಟೆಚೀಲದ ಇನ್ನೊಂದು ಪ್ರಾಣಿಯಾದ ಬ್ರಶ್‌ಟೇಲ್ ಪಾಸಮ್‌ನಲ್ಲಿಯೂ ಟಾಮರ್ ವಾಲಬಿಯಲ್ಲಿಯೂ ಒಂದೇ ಸಲಕ್ಕೆ ಹಲವು ಅಂಡಗಳನ್ನು ಬಲಿಸಿ ಬಿಡಿಸಿದ್ದಾರೆ. ಹೀಗಾಗಿ ಒಂದೇ ಅಂಡಾಶಯದೊಳಗೆ ಎರಡು ಆಡಳಿತಗಳಿವೆ: ಈಸ್ಟ್ರಡಯಾಲ್ ಕೊಡುವ ಫಾಲಿಕಲ್ ಪಿಟ್ಯುಟರಿಯ ಮಾತು ಕೇಳಿ ಬೆಳೆಯುತ್ತದೆ, ಪ್ರೊಜೆಸ್ಟೆರಾನ್ ಕೊಡುವ ಕಾರ್ಪಸ್ ಲೂಟಿಯಂ ಪಿಟ್ಯುಟರಿ ಸುಮ್ಮನಾದಾಗ ಬೆಳೆಯುತ್ತದೆ.

ಈಗ ನಿಮ್ಮ ಮೊದಲ ಸಂದೇಹ. ಟಾಮರ್ ವಾಲಬಿಯ ಕಾರ್ಪಸ್ ಲೂಟಿಯಂನಲ್ಲಿ ಪ್ರೊಲ್ಯಾಕ್ಟಿನ್ ಗ್ರಾಹಕಗಳಿವೆ. ಹಾರ್ಮೋನು ಗ್ರಾಹಕಕ್ಕೆ ತಾಗುವುದು ಎರಡೂ ಪ್ರಾಣಿಗಳಲ್ಲಿ ಸಮಾನ, ತಾಗಿದ ಮೇಲೆ ಆ ಕೋಶ ಏನು ಮಾಡುತ್ತದೆ ಎಂಬುದು ಆ ಕೋಶದ ಸಿದ್ಧತೆಗೆ ಬಿಟ್ಟದ್ದು. ಇಲಿಯಲ್ಲಿ ಪ್ರೊಲ್ಯಾಕ್ಟಿನ್ ಮಾಡುವ ದೊಡ್ಡ ಉಪಕಾರವೆಂದರೆ, ಪ್ರೊಜೆಸ್ಟೆರಾನನ್ನು ನಿಷ್ಕ್ರಿಯ ರೂಪಕ್ಕೆ ತಿರುಗಿಸುವ 20-ಆಲ್ಫಾ-ಹೈಡ್ರಾಕ್ಸಿಸ್ಟಿರಾಯ್ಡ್ ಡಿಹೈಡ್ರಾಜಿನೇಸ್ ಎಂಬ ಕಿಣ್ವವನ್ನು ಅಡಗಿಸಿಡುವುದು. ಅಂದರೆ ಅಲ್ಲಿಯೂ ಅದು ಒಂದು ತಡೆಯೇ. ತಡೆದದ್ದು ನಾಶವನ್ನಾದುದರಿಂದ ಫಲ ಪೋಷಣೆಯಂತೆ ಕಾಣುತ್ತದೆ. ಇಲಿಯನ್ನು ನಿಯಮವೆಂದೂ ವಾಲಬಿಯನ್ನು ಅಪವಾದವೆಂದೂ ಇಡದೆ, ಎರಡನ್ನೂ ಒಂದೇ ಹಾರ್ಮೋನಿನ ಎರಡು ಬಳಕೆಗಳೆಂದು ಮಂಡಿಸಿದರೆ ನಿಮ್ಮ ಸೆಮಿನಾರು ಗಟ್ಟಿಯಾಗುತ್ತದೆ.

ಉತ್ತರ 2 – ಪಶುವೈದ್ಯ, ಹಾವೇರಿ ಜಿಲ್ಲೆ

ಪ್ರಾಧ್ಯಾಪಕರ ವಿವರಣೆಯನ್ನು ಓದಿ ಸಂತೋಷವಾಯಿತು. ದನ ಎಮ್ಮೆಗಳ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಮತ್ತು ಅವರ ಒಂದು ಮಾತಿಗೆ ಗೌರವದಿಂದಲೇ ಸ್ವಲ್ಪ ಮಿತಿ ಹಾಕುತ್ತೇನೆ.

ನಮ್ಮ ಕಡೆ ಧಾರವಾಡಿ ಎಮ್ಮೆ ಬೆದೆಗೆ ಬರುತ್ತಿಲ್ಲವೆಂದು ರೈತರು ಕರೆದಾಗ, ಗುದದ್ವಾರದ ಮೂಲಕ ಕೈ ಹಾಕಿ ಗರ್ಭಕೋಶದ ಕೊಂಬುಗಳನ್ನು ಹಿಡಿದು ಅಂಡಾಶಯದ ಮೇಲೆ ಬೆರಳಾಡಿಸುತ್ತೇವೆ. ಮೇಲ್ಮೈಯಿಂದ ತುಸು ಮೇಲೆದ್ದ, ಒತ್ತಿದರೆ ಮಣಿಯದ ಗಟ್ಟಿ ಭಾಗ ಬೆರಳಿಗೆ ಸಿಕ್ಕಿದರೆ ಅದು ಕಾರ್ಪಸ್ ಲೂಟಿಯಂ. ಎಮ್ಮೆಯಲ್ಲಿ ಅದು ಆಕಳಿನದಕ್ಕಿಂತ ಸಣ್ಣದು, ಅಂಡಾಶಯದೊಳಗೆ ಹೆಚ್ಚು ಹುದುಗಿರುವುದರಿಂದ ಹುಡುಕಲು ಅಭ್ಯಾಸ ಬೇಕು. ಗರ್ಭವಿಲ್ಲವೆಂದು ಖಾತ್ರಿಯಾದ ಮೇಲೆ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಕೊಡುತ್ತೇವೆ. ಕಾರ್ಪಸ್ ಲೂಟಿಯಂ ಕರಗುತ್ತದೆ, ಪ್ರೊಜೆಸ್ಟೆರಾನ್ ಇಳಿಯುತ್ತದೆ, ಸಾಮಾನ್ಯವಾಗಿ ಮೂರು ನಾಲ್ಕು ದಿನಗಳಲ್ಲಿ ಎಮ್ಮೆ ಬೆದೆಗೆ ಬರುತ್ತದೆ. ಈ ಔಷಧ ಕೆಲಸ ಮಾಡುವುದಕ್ಕೆ ಕಾರಣ, ಆಕಳು ಎಮ್ಮೆಗಳ ಗರ್ಭಕೋಶವೇ ಪ್ರತಿ ಋತುಚಕ್ರದ ಕೊನೆಗೆ ಪ್ರೊಸ್ಟಗ್ಲಾಂಡಿನ್ ಎಫ್-2 ಆಲ್ಫಾ ಬಿಡುಗಡೆ ಮಾಡಿ ಕಾರ್ಪಸ್ ಲೂಟಿಯಂ ಅನ್ನು ಕೊನೆಗಾಣಿಸುವುದು. ಆಕಳಿನ ಗರ್ಭಕೋಶವನ್ನು ತೆಗೆದುಬಿಟ್ಟರೆ ಕಾರ್ಪಸ್ ಲೂಟಿಯಂ ವಾಯಿದೆ ಮೀರಿ ಉಳಿದುಕೊಳ್ಳುತ್ತದೆ.

ಹೊಟ್ಟೆಚೀಲದ ಪ್ರಾಣಿಗಳಲ್ಲಿ ಇದೇ ಪರೀಕ್ಷೆಯನ್ನು ಬ್ರಶ್‌ಟೇಲ್ ಪಾಸಮ್ ಮೇಲೆ ಮಾಡಿ ಫಲಿತಾಂಶವನ್ನು 1965ರಲ್ಲಿ ಪ್ರಕಟಿಸಿದ್ದಾರೆ. ಗರ್ಭಕೋಶ ತೆಗೆದರೂ ಅಂಡಾಶಯದ ಚಕ್ರದಲ್ಲಿ ವ್ಯತ್ಯಾಸವಾಗಲಿಲ್ಲ. ಇದು ಪ್ರಾಧ್ಯಾಪಕರ ಮಾತನ್ನು ಇನ್ನೊಂದು ದಿಕ್ಕಿನಿಂದ ಬೆಂಬಲಿಸುತ್ತದೆ: ಅಲ್ಲಿ ಕಾರ್ಪಸ್ ಲೂಟಿಯಂ ಎಷ್ಟು ದಿನ ಇರಬೇಕೆಂದು ಗರ್ಭಕೋಶ ನಿರ್ಧರಿಸುವುದಿಲ್ಲ.

ನಾನು ಹಾಕಬಯಸುವ ಮಿತಿ ಹೆರಿಗೆಯ ಗಳಿಗೆಗೆ ಸಂಬಂಧಿಸಿದ್ದು. ಗರ್ಭವಿಲ್ಲದ ಟಾಮರ್ ವಾಲಬಿಯಲ್ಲಿ ಚಕ್ರದ ಕೊನೆಗೆ ಪ್ರೊಜೆಸ್ಟೆರಾನ್ ನಿಧಾನವಾಗಿ ಇಳಿಯುತ್ತದೆ, ಗರ್ಭವಿರುವ ಹೆಣ್ಣಿನಲ್ಲಿ ಹೆರಿಗೆಯ ಹೊತ್ತಿಗೆ ಥಟ್ಟನೆ ಇಳಿಯುತ್ತದೆ. ಆ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್ ಏರುತ್ತದೆ, ಅದರ ಜೊತೆಗೆ ಪಿಟ್ಯುಟರಿಯಿಂದ ಪ್ರೊಲ್ಯಾಕ್ಟಿನ್ನಿನ ಒಂದು ದೊಡ್ಡ ಏರಿಕೆ ಬರುತ್ತದೆ. ಅಲ್ಪಕಾಲದ ಆ ಏರಿಕೆಯೇ ಹಳೆಯ ಕಾರ್ಪಸ್ ಲೂಟಿಯಂನ ಕೆಲಸವನ್ನು ಮುಗಿಸಲು ನೆರವಾಗುತ್ತದೆ. ಪ್ರೊಸ್ಟಗ್ಲಾಂಡಿನ್ ಚುಚ್ಚಿದರೆ ಗರ್ಭವಿಲ್ಲದ ವಾಲಬಿ ಕೂಡ ಬಾಲವನ್ನು ಹಿಂಗಾಲುಗಳ ನಡುವೆ ಮುಂದಕ್ಕೆ ತಂದು ಕೂತು, ತಲೆ ಬಗ್ಗಿಸಿ ತನ್ನ ಚೀಲವನ್ನು ನೆಕ್ಕತೊಡಗುತ್ತದೆ. ಅದು ಹೆರಿಗೆಗೆ ಕೂರುವ ಭಂಗಿಯೇ. ಪ್ರೊಜೆಸ್ಟೆರಾನ್ ಇಳಿದ ಬೆನ್ನಿಗೆ ಬಲಿತ ಫಾಲಿಕಲ್ಲಿನಿಂದ ಈಸ್ಟ್ರಡಯಾಲ್ ಏರಿ, ಹೆರಿಗೆಯಾದ ಕೆಲವೇ ತಾಸುಗಳಲ್ಲಿ ಹೆಣ್ಣು ಬೆದೆಗೆ ಬಂದು ಗಂಡಿನೊಡನೆ ಕೂಡುತ್ತದೆ, ಆಮೇಲೆ ಎಲ್‌ಎಚ್ ಉಕ್ಕಿ ಅಂಡ ಬಿಡುಗಡೆಯಾಗುತ್ತದೆ. ಆದುದರಿಂದ ಕಾರ್ಪಸ್ ಲೂಟಿಯಂ ಸ್ವತಂತ್ರವೆನ್ನುವುದು ಅದರ ಬೆಳವಣಿಗೆಗೂ ನಡುಗಾಲಕ್ಕೂ ಪೂರ್ತಿ ಸಲ್ಲುತ್ತದೆ. ಗರ್ಭವಿರುವ ಹೆಣ್ಣಿನಲ್ಲಿ ಅದರ ಅಂತ್ಯಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರು ಗುರುಗಳಿಗೂ ಅನಂತ ಧನ್ಯವಾದಗಳು. ಫಾಲಿಕಲ್ ಮತ್ತು ಕಾರ್ಪಸ್ ಲೂಟಿಯಂಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂಬುದು ಈಗ ಸ್ಪಷ್ಟವಾಯಿತು. ಇನ್ನೆರಡು ವಿಷಯ ಕೇಳಬಹುದೇ? ವರ್ಷದ ಎರಡನೆಯ ಅರ್ಧದಲ್ಲಿ ಮರಿ ಮೊಲೆ ಬಿಟ್ಟ ಮೇಲೂ ಬ್ಲಾಸ್ಟೋಸಿಸ್ಟ್ ಡಿಸೆಂಬರಿನವರೆಗೆ ಸುಪ್ತವಾಗಿಯೇ ಇರುತ್ತದೆ ಎಂದು ಓದಿದ್ದೇನೆ. ಆಗ ಮೊಲೆಯುಣ್ಣುವವರೇ ಇಲ್ಲದಿರುವಾಗ ತಡೆ ಎಲ್ಲಿಂದ ಬರುತ್ತದೆ? ಮತ್ತು ಪ್ರೊಜೆಸ್ಟೆರಾನ್ ರೇಖಾಚಿತ್ರದಲ್ಲಿ ಐದನೆಯ ದಿನದ ಹತ್ತಿರ ಕಾಣುವ ಒಂದು ಸಣ್ಣ ಶಿಖರಕ್ಕೆ ಅಷ್ಟೊಂದು ಮಹತ್ವ ಕೊಡುವುದೇಕೆ?

ಉತ್ತರ 3 – ಕಾಲೇಜು ಉಪನ್ಯಾಸಕಿ, ಗದಗ

ಋತುಮಾನದ ಪ್ರಶ್ನೆ ನನಗೆ ಬಹಳ ಪ್ರಿಯವಾದದ್ದು, ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಹಾಲುಣ್ಣುವ ಕಾಲದ ತಡೆ. ಅದು ಮೊಲೆತೊಟ್ಟಿನಿಂದ ನರಗಳ ಮೂಲಕ ಮಿದುಳಿಗೆ ಹೋಗುವ ಸುದ್ದಿ. ಮರಿ ಉಣ್ಣುತ್ತಿರುವ ಸ್ತನಗ್ರಂಥಿಯ ನರಗಳನ್ನು ಕತ್ತರಿಸಿದರೆ, ಮರಿ ಅಲ್ಲಿಯೇ ಮೊಲೆ ಕಚ್ಚಿಕೊಂಡಿದ್ದರೂ ತಾಯಿಯ ಗರ್ಭದೊಳಗಿನ ಬ್ಲಾಸ್ಟೋಸಿಸ್ಟ್ ಬೆಳೆಯತೊಡಗುತ್ತದೆ ಎಂದು ಮರ್ಲಿನ್ ರೆನ್‌ಫ್ರೀ 1979ರಲ್ಲಿ ತೋರಿಸಿದರು. ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಮರಿ ಸಣ್ಣದಾಗಿರುವ ಮೊದಲ ತಿಂಗಳುಗಳಲ್ಲಿ ತಾಯಿಯ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹೇಳಿಕೊಳ್ಳುವಷ್ಟು ಹೆಚ್ಚಿರುವುದಿಲ್ಲ, ಅದು ಏರುವುದು ಮರಿ ದೊಡ್ಡದಾಗಿ ಹಾಲಿನ ಬೇಡಿಕೆ ಹೆಚ್ಚಿದಾಗ. ಆದರೂ ಪ್ರೊಲ್ಯಾಕ್ಟಿನ್ ಸ್ರಾವವನ್ನು ನಿಲ್ಲಿಸುವ ಬ್ರೊಮೊಕ್ರಿಪ್ಟಿನ್ ಕೊಟ್ಟರೆ ಆ ಕಾಲದಲ್ಲಿಯೂ ಕಾರ್ಪಸ್ ಲೂಟಿಯಂ ಎಚ್ಚರಗೊಳ್ಳುತ್ತದೆ. ರಕ್ತದ ಮಟ್ಟ ಕಡಿಮೆಯೆಂದ ಮಾತ್ರಕ್ಕೆ ಹಾರ್ಮೋನಿಗೆ ಕೆಲಸವಿಲ್ಲವೆಂದು ತೀರ್ಮಾನಿಸಬಾರದು.

ಮರಿ ಚೀಲ ಬಿಟ್ಟ ಮೇಲೆ ತಡೆಯ ಹೊಣೆ ಹಗಲಿನ ಉದ್ದಕ್ಕೆ ಹೋಗುತ್ತದೆ. ನಮ್ಮ ಗದಗಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ನಡುವಿನ ವ್ಯತ್ಯಾಸ ಎರಡು ತಾಸಿಗೂ ಕಡಿಮೆ. ಟಾಮರ್ ವಾಲಬಿಯ ಅಧ್ಯಯನಗಳಿಗೆ ಮನೆಯಂತಿರುವ ದಕ್ಷಿಣ ಆಸ್ಟ್ರೇಲಿಯದ ಕಾಂಗರೂ ದ್ವೀಪದಲ್ಲಿ ಅದು ಹತ್ತಿರ ಹತ್ತಿರ ಐದು ತಾಸು. ಜೂನಿನ ಬಳಿಕ ಹಗಲು ದೊಡ್ಡದಾಗುತ್ತ ಹೋಗುವ ಕಾಲದಲ್ಲಿ ವಾಲಬಿಯ ಪಿಟ್ಯುಟರಿ ಪ್ರತಿದಿನ ನಸುಕಿನ ಹೊತ್ತಿಗೆ ಅಲ್ಪಕಾಲ ಪ್ರೊಲ್ಯಾಕ್ಟಿನ್ ಬಿಡುಗಡೆ ಮಾಡುತ್ತದೆ. ಇಪ್ಪತ್ನಾಲ್ಕು ತಾಸಿನಲ್ಲಿ ಅಷ್ಟು ಸ್ವಲ್ಪ ಹೊತ್ತು ಬರುವ ಹಾರ್ಮೋನು ಇಡೀ ದಿನದ ಪ್ರೊಜೆಸ್ಟೆರಾನ್ ಉತ್ಪಾದನೆಯನ್ನು ಕಟ್ಟಿಹಾಕುತ್ತದೆ ಎಂಬುದನ್ನು ಲಿನ್ ಹೈಂಡ್ಸ್ ಮತ್ತು ಹ್ಯೂ ಟಿಂಡೇಲ್-ಬಿಸ್ಕೋ ಮುಂತಾದವರ ಕೆಲಸ ತೋರಿಸಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸುಂದರವಾದ ಶೋಧ ಇದು. ಡಿಸೆಂಬರ್ 22ರ ಸುಮಾರಿಗೆ ಹಗಲು ಕಿರಿದಾಗತೊಡಗಿದೊಡನೆ ರಾತ್ರಿಯ ಮೆಲಟೋನಿನ್ ಹಾರ್ಮೋನಿನ ಸ್ರಾವದ ಅವಧಿ ಬದಲಾಗುತ್ತದೆ, ನಸುಕಿನ ಪ್ರೊಲ್ಯಾಕ್ಟಿನ್ ನಿಲ್ಲುತ್ತದೆ, ಕಾರ್ಪಸ್ ಲೂಟಿಯಂ ಎಚ್ಚರಗೊಳ್ಳುತ್ತದೆ, ಜನವರಿಯ ಕೊನೆಯ ಹೊತ್ತಿಗೆ ದ್ವೀಪದ ಹೆಚ್ಚಿನ ಹೆಣ್ಣುಗಳು ಮರಿ ಹಾಕಿರುತ್ತವೆ. ಪ್ರಯೋಗಶಾಲೆಯಲ್ಲಿ ದೀಪದ ಹಗಲನ್ನು 15 ತಾಸಿನಿಂದ 12 ತಾಸಿಗೆ ಇಳಿಸಿಯೂ ಇದನ್ನೇ ಸಾಧಿಸಿದ್ದಾರೆ.

ಇದರ ಪಕ್ಕದಲ್ಲಿ ಮಿಂಕ್ ಎಂಬ ತುಪ್ಪಳದ ಪ್ರಾಣಿಯನ್ನು ಇಟ್ಟು ತೋರಿಸಿ. ಅದರಲ್ಲಿಯೂ ಭ್ರೂಣ ಸುಪ್ತವಾಗಿರುತ್ತದೆ, ಅದರಲ್ಲಿಯೂ ಹಗಲಿನ ಉದ್ದವೇ ಸೂಚನೆ. ಆದರೆ ಮಾರ್ಚಿನ ವಿಷುವದ ಹೊತ್ತಿಗೆ ಹಗಲು ದೊಡ್ಡದಾದಾಗ ಪ್ರೊಲ್ಯಾಕ್ಟಿನ್ ಏರಿ ಕಾರ್ಪಸ್ ಲೂಟಿಯಂ ಅನ್ನು ಎಬ್ಬಿಸುತ್ತದೆ. ಒಂದೇ ಫಲ, ಒಂದೇ ಹಾರ್ಮೋನು, ದಿಕ್ಕು ಮಾತ್ರ ತಿರುಗಾಮುರುಗಾ. ನಿಮ್ಮ ಮೊದಲ ಸಂದೇಹಕ್ಕೆ ಇಲಿಗಿಂತ ಒಳ್ಳೆಯ ಜೋಡಿ ಮಿಂಕ್ ಎಂದು ನನಗನ್ನಿಸುತ್ತದೆ.

ಐದಾರನೆಯ ದಿನದ ಶಿಖರದ ಬಗ್ಗೆ: ಅದು ಚಿಕ್ಕದಾದರೂ ಗರ್ಭಕೋಶದ ಒಳಪದರಕ್ಕೆ ಸ್ರಾವ ಹೆಚ್ಚಿಸುವ ಸೂಚನೆ ಕೊಡುತ್ತದೆ, ಆ ಸ್ರಾವವೇ ಬ್ಲಾಸ್ಟೋಸಿಸ್ಟನ್ನು ಬೆಳೆಯಲು ಹಚ್ಚುತ್ತದೆ. ಸುಪ್ತ ಕಾಲದಲ್ಲಿ ಹೊರಗಿನಿಂದ ಪ್ರೊಜೆಸ್ಟೆರಾನ್ ಚುಚ್ಚಿದರೂ ಬ್ಲಾಸ್ಟೋಸಿಸ್ಟ್ ಬೆಳೆಯತೊಡಗುವುದು ಇದಕ್ಕೆ ಪುರಾವೆ. ಕಾರ್ಪಸ್ ಲೂಟಿಯಂ ಅನ್ನು ಈ ಶಿಖರಕ್ಕೆ ಮೊದಲೇ ಕತ್ತರಿಸಿ ತೆಗೆದರೆ ಭ್ರೂಣ ಮುಂದುವರಿಯುವುದಿಲ್ಲ. ಶಿಖರ ದಾಟಿ ಕೆಲವು ದಿನಗಳಾದ ಮೇಲೆ ತೆಗೆದರೆ ಭ್ರೂಣ ಬೆಳೆದು ದಿನ ತುಂಬುತ್ತದೆ, ಆದರೆ ಹೆರಿಗೆ ಸುಸೂತ್ರವಾಗಿ ಆಗುವುದಿಲ್ಲ. ಅಂಡಾಶಯದ ಸ್ಟಿರಾಯ್ಡಿಗೆ ಅಲ್ಲಿ ಎರಡು ಬೇರೆ ಬೇರೆ ಹೊಣೆಗಳಿವೆ, ಒಂದು ಆರಂಭಕ್ಕೆ, ಇನ್ನೊಂದು ಕೊನೆಗೆ.

ಕೊನೆಯದಾಗಿ, ಟಾಮರ್ ವಾಲಬಿಯ ಕತೆಯನ್ನು ಎಲ್ಲ ಹೊಟ್ಟೆಚೀಲದ ಪ್ರಾಣಿಗಳ ಕತೆಯೆಂದು ಹೇಳಬೇಡಿ. ಪಶ್ಚಿಮದ ಬೂದು ಕಾಂಗರೂವಿನಲ್ಲಿ ಸುಪ್ತ ಭ್ರೂಣವೆಂಬುದೇ ಇಲ್ಲ. ಬ್ರಶ್‌ಟೇಲ್ ಪಾಸಮ್‌ನಲ್ಲಿ ಗರ್ಭಾವಧಿ 17–18 ದಿನ, ಋತುಚಕ್ರ ಅದಕ್ಕಿಂತ ಸುಮಾರು ಒಂದು ವಾರ ಉದ್ದ. ಮರಿ ಮೊಲೆಯುಣ್ಣುತ್ತಿರುವಾಗ ಅಲ್ಲಿ ತಡೆ ಬೀಳುವುದು ಫಾಲಿಕಲ್ಲುಗಳ ಬೆಳವಣಿಗೆಗೆ, ಆದ್ದರಿಂದ ಹೊಸ ಕಾರ್ಪಸ್ ಲೂಟಿಯಂ ಹುಟ್ಟುವ ಪ್ರಸಂಗವೇ ಬರುವುದಿಲ್ಲ. ಜೌಗು ವಾಲಬಿಯಂತೂ ಹೊಟ್ಟೆಯಲ್ಲಿರುವ ಮರಿಯನ್ನು ಹೆರುವ ಮೊದಲೇ ಮತ್ತೊಂದು ಗರ್ಭಕ್ಕೆ ಅಂಡ ಬಿಡುಗಡೆ ಮಾಡಿ ಗಂಡಿನೊಡನೆ ಕೂಡಿರುತ್ತದೆ.

ಉತ್ತರ 4 – ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಹಾವೇರಿಯ ಡಾಕ್ಟರು ಹಾಕಿದ ಮಿತಿಯನ್ನು ಒಪ್ಪುತ್ತೇನೆ. ಗರ್ಭವಿರುವ ಹೆಣ್ಣಿನಲ್ಲಿ ಪ್ರೊಜೆಸ್ಟೆರಾನಿನ ಇಳಿತವನ್ನು ಹೆರಿಗೆಯ ಜೊತೆಗೇ ಸೇರಿಸಿ ಹೇಳಬೇಕು. ಉಪನ್ಯಾಸಕಿಯವರ ಮಿಂಕ್ ಉದಾಹರಣೆಯನ್ನೂ ಬಿಡಬೇಡಿ.

ತಂಗಿ, ಸೆಮಿನಾರಿಗೆ ಒಂದೇ ಒಂದು ದೊಡ್ಡ ರೇಖಾಚಿತ್ರ ಸಾಕು. ಅಡ್ಡಗೆರೆಯ ಮೇಲೆ ಮರಿ ತೆಗೆದ ಸೊನ್ನೆಯ ದಿನದಿಂದ 30ನೆಯ ದಿನದವರೆಗೆ ಗುರುತು ಹಾಕಿ. ಪ್ರೊಜೆಸ್ಟೆರಾನ್ ರೇಖೆ ಐದಾರನೆಯ ದಿನ ಸಣ್ಣಗೆ ಏರಿ ಇಳಿಯಲಿ, ಆಮೇಲೆ ನಿಧಾನವಾಗಿ ಏರಿ 26–27ನೆಯ ದಿನಕ್ಕೆ ಕುಸಿಯಲಿ. ಕುಸಿದ ಕಡೆಯಲ್ಲಿಯೇ ಪ್ರೊಲ್ಯಾಕ್ಟಿನ್ನಿನ ಚೂಪು ಶಿಖರ, ಅದರ ಬೆನ್ನಿಗೆ ಈಸ್ಟ್ರಡಯಾಲ್, ಅದರ ಬೆನ್ನಿಗೆ ಎಲ್‌ಎಚ್ ಬರಲಿ. ಸೊನ್ನೆಯ ದಿನದ ಎಡಕ್ಕೆ ಸ್ವಲ್ಪ ಜಾಗ ಬಿಟ್ಟು ಅಲ್ಲಿ ಮೊಲೆಯುಣ್ಣುವ ಮರಿ, ಪ್ರೊಲ್ಯಾಕ್ಟಿನ್ ಮತ್ತು ಸುಪ್ತ ಕಾರ್ಪಸ್ ಲೂಟಿಯಂ ಎಂದು ಬರೆಯಿರಿ. ಎಡಗಡೆಯ ಆ ಭಾಗಕ್ಕೂ ಕೊನೆಯ ಎಲ್‌ಎಚ್ ಶಿಖರಕ್ಕೂ ನಡುವೆ ಪಿಟ್ಯುಟರಿಯಿಂದ ಕಾರ್ಪಸ್ ಲೂಟಿಯಂ ಕಡೆಗೆ ಒಂದು ಪ್ರಚೋದಕ ಬಾಣವೂ ಇಲ್ಲದಿರುವುದನ್ನು ನೋಡಿ ಪರೀಕ್ಷಕರು ಕಾರಣ ಕೇಳುತ್ತಾರೆ. ಹರ್ನ್ ಅವರ ಪ್ರಯೋಗವನ್ನು ಆಗ ವಿವರಿಸಿರಿ.